ನಂಬರಿನ ಕಟ್ಟಿಗೆ

ಲೆಕ್ಕ ಬರೆದಿಡುವವನಿಗೆ ನೆಮ್ಮದಿ ಹೆಚ್ಚು ಎಂದು ಹೇಳುವವರು ಎಂದೂ ಲೆಕ್ಕ ಬರೆದವರಲ್ಲ. ಬರೆಯದವನಿಗೆ ಮನೆಯಲ್ಲಿ ಏನು ಕಡಿಮೆಯಾಯಿತೆಂಬುದೇ ತಿಳಿಯದು; ಉಂಡು ಹಾಯಾಗಿರುತ್ತಾನೆ. ನಾನು ಹೈಸ್ಕೂಲಿನಿಂದಲೂ ತಾರೀಖು ಹಾಕಿ ಬರೆಯುವವನು. ತಿಂದ ರೊಟ್ಟಿ ಎಷ್ಟು, ದೇವದುರ್ಗದ ಬಸ್ಸು ಎಷ್ಟು ನಿಮಿಷ ತಡ, ಸಾಹೇಬರು ಕಚೇರಿಯಲ್ಲಿ ಎಷ್ಟು ಸಲ ಸೀನಿದರು, ಎಲ್ಲಕ್ಕೂ ಒಂದೊಂದು ಕಲಮು. ಇದರಿಂದ ಯಾರಿಗೂ ಉಪಕಾರವಾದದ್ದು ನೆನಪಿಲ್ಲ. ಅಪಕಾರವಾದದ್ದನ್ನು ಮಾತ್ರ ಇಲ್ಲಿ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ರಾಯಚೂರಿನ ಒಂದು ಕಚೇರಿಯಲ್ಲಿ ನನಗೆ ಕಾರಕೂನನ ಕೆಲಸ ಸಿಕ್ಕಿತು. ಕೂಲಿ ಮಾಡುವ ನಮ್ಮ ಮನೆತನದಲ್ಲಿ ಸಂಬಳದ ಮುಖ ಕಂಡವನು ನಾನೇ ಮೊದಲು. ಅವ್ವನನ್ನು ದೇವದುರ್ಗದಿಂದ ಕರೆತರಲು ಬಾಡಿಗೆ ಮನೆ ಹುಡುಕಿದೆ. ಏಳು ಮನೆ ಕೇಳಿದೆ. ಏಳರಲ್ಲೂ ಮಾತು ಬಾಡಿಗೆಯವರೆಗೆ ಚೆನ್ನಾಗಿ ನಡೆದು, ‘ನಿಮ್ಮದು ಯಾವ ಪೈಕಿ?’ ಎಂಬಲ್ಲಿ ತಡೆದು, ‘ನಮ್ಮ ತಂಗಿ ಬರಾಕಿ ಅದಾಳ’ ಎಂಬಲ್ಲಿ ಮುಗಿಯಿತು. ಏಳು ಮನೆಗಳ ತಂಗಿಯರೂ ಅದೇ ವಾರ ಬರುವವರಿದ್ದರು. ಎಂಟನೆಯವರು ಮಾಬುಸಾಬರು, ಕಟ್ಟಿಗೆ ಲಾರಿ ತಪಾಸಣೆ ಮಾಡುವ ನಾಕಾದಲ್ಲಿ ಇಪ್ಪತ್ತೆರಡು ವರ್ಷ ನಿಂತು ಪೆನ್ಶನ್ ಪಡೆದವರು. ಅವರು ಕೇಳಿದ್ದು ಒಂದೇ: “ನಳ ಒಂದ ಅದ. ಜಗಳಾಡಂಗಿಲ್ಲಲ್ಲ?” ಅವ್ವ ಬಂದಳು. ಒಂದು ವಾರದಲ್ಲೇ ಮಾಬುಸಾಬರ ಹೆಂಡತಿ ಬೀಬಮ್ಮನವರ ಜೊತೆ ಕೂತು ಕುಸುಬೆ ಹಸನು ಮಾಡತೊಡಗಿದಳು. ಈ ಮನೆ ಬಿಟ್ಟರೆ ಮತ್ತೆ ಏಳು ತಂಗಿಯರ ಕಥೆ ಕೇಳಬೇಕು ಎಂಬುದು ನನಗೆ ಗೊತ್ತಿತ್ತು.

ಇನ್ನು ಒಲೆಯ ಮಾತು. ಸೀಮೆಎಣ್ಣೆಯ ಸಾಲಿನಲ್ಲಿ ನಿಂತರೆ ಕಚೇರಿ ತಪ್ಪುತ್ತಿತ್ತು. ಸೌದೆ ಮಾರುವ ಅಡ್ಡೆಯ ಸೀಳು ಕಟ್ಟಿಗೆ ತುಟ್ಟಿ. ಆಗ ನನ್ನ ಕಣ್ಣಿಗೆ ಬಿದ್ದದ್ದು ಸ್ಟೇಶನ್ ಕಡೆಯ ಕಟ್ಟಿಗೆ ಕೊಯ್ಯುವ ಮಿಲ್ಲು. ಅಲ್ಲಿ ದಿಮ್ಮಿಯನ್ನು ಹಲಗೆ ಮಾಡುವ ಮೊದಲು ಬಿರುಕು ಬಿಟ್ಟ ತುದಿಯನ್ನು ಕತ್ತರಿಸಿ ಮೂಲೆಗೆ ಎಸೆಯುತ್ತಿದ್ದರು. ಅಡ್ಡೆಯ ಬೆಲೆಯ ಅರ್ಧಕ್ಕೂ ಕಡಿಮೆಗೆ ಕೊಟ್ಟರು. ಮೂರು ಭಾನುವಾರ, ತಳ್ಳುಬಂಡಿಯಲ್ಲಿ ಒಂದು ಸಲಕ್ಕೆ ಇಪ್ಪತ್ತೊಂದರಂತೆ ಅರವತ್ತಮೂರು ತುಂಡು ತಂದೆ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಉರಿಸಿ ಬೆಳೆದ ಅವ್ವ ಅವನ್ನು ನೋಡಿ, “ಇವು ಉರಿಯೂ ಕಟಗಿ ಅಲ್ಲೋ ತಮ್ಮಾ, ಗರಡಿಮನ್ಯಾಗ ಎತ್ತೂ ಗುಂಡು” ಎಂದಳು.

ನನಗೆ ಮಾತ್ರ ಸ್ವರ್ಗ. ಏಕೆಂದರೆ ಒಂದೊಂದು ತುಂಡಿನ ಮುಖದ ಮೇಲೂ ಅರಣ್ಯ ಇಲಾಖೆಯ ಡಿಪೋದವರು ಬಡಿದ ಮುದ್ರೆ, ಕೆಂಪು ಬಣ್ಣದಲ್ಲಿ ಬರೆದ ನಂಬರು! ಲೋಕದಲ್ಲಿ ನಂಬರು ಸಮೇತ ಸಿಗುವ ಸೌದೆ ಎಲ್ಲಿದೆ? ನಂಬರುಗಳು ಹೊರಗೆ ಕಾಣುವಂತೆ, ಏರಿಕೆಯ ಕ್ರಮದಲ್ಲಿ, ಓಣಿಗೆ ಮುಖ ಮಾಡಿದ ಗೋಡೆಗೆ ಒಟ್ಟಿದೆ. ನೋಟುಬುಕ್ಕಿನಲ್ಲಿ ನಂಬರು, ತಂದ ತಾರೀಖು, ಸುಟ್ಟ ತಾರೀಖು, ನೀರು ಕಾಯಲು ಹಿಡಿದ ನಿಮಿಷ ಎಂದು ಕಲಮು ಎಳೆದೆ. ಮೊದಲು ತಂದದ್ದು ಮೊದಲು ಒಣಗುತ್ತದೆ, ಅದೇ ಮೊದಲು ಒಲೆಗೆ ಎಂಬುದು ನನ್ನ ಕಾನೂನು. ಅವ್ವ ಮೇಲಿದ್ದದ್ದನ್ನು ಎಳೆದುಕೊಳ್ಳುತ್ತಿದ್ದಳು. “ಯವ್ವಾ, ಅದು ಇನ್ನೂ ಹಸಿ ಅದ, ಅದರ ಪಾಳಿ ಇನ್ನೂ ಬಂದಿಲ್ಲ” ಎಂದರೆ, “ಪಾಳಿ ಹಚ್ಚಾಕ ಇದೇನು ದವಾಖಾನಿ ಏನಲೇ?” ಎನ್ನುತ್ತಿದ್ದಳು.

ಎರಡನೇ ವಾರದಿಂದ ಲೆಕ್ಕ ತಪ್ಪಿತು. ಒಂದು ತುಂಡು ಕಡಿಮೆ. ಆಮೇಲೆ ಎರಡು. ಮುಂಜಾನೆ ಎಣಿಸುವುದು, ಮಧ್ಯಾಹ್ನ ಊಟದ ಬಿಡುವಿನಲ್ಲಿ ಸೈಕಲ್ ತುಳಿದು ಬಂದು ಎಣಿಸುವುದು, ಉಣ್ಣದೆಯೇ ಹಿಂದಿರುಗುವುದು. ಕಚೇರಿಯಲ್ಲಿ ಟಪಾಲಿನ ನಂಬರು ಬರೆಯುವಾಗ ಕಟ್ಟಿಗೆಯ ನಂಬರು ಬರೆದು ಬೈಸಿಕೊಂಡೆ. ಕೂತಲ್ಲಿ ಕೂರಲಾರೆ. ಅವ್ವನನ್ನು ಕೇಳಿದರೆ, “ಕಟಗಿಗೆ ಕಾಲು ಬಂದಿರಬೇಕು” ಎಂದು ರೊಟ್ಟಿ ತಟ್ಟಿದಳು. ಕೊನೆಗೆ ‘ಲೆಕ್ಕಕ್ಕೆ ಸಿಗದವು’ ಎಂದು ಹೊಸ ಕಲಮು ತೆರೆದೆ. ಅದರಲ್ಲಿ ಐದು ಜಮೆಯಾದವು.

ಇಷ್ಟು ದಿನ ಮಾಬುಸಾಬರು ಊರಲ್ಲಿರಲಿಲ್ಲ; ಮಗನ ಅಂಗಡಿ ನೋಡಲು ಮಾನ್ವಿಗೆ ಹೋಗಿದ್ದರು. ಎರಡು ತಿಂಗಳ ಮೇಲೆ ಒಂದು ಮುಂಜಾನೆ ಬಂದವರು, ಜಳಕ ಮಾಡಿ ಅಂಗಳಕ್ಕೆ ಇಳಿದು, ಒಟ್ಟಿಲಿನ ಮುಂದೆ ನಿಂತುಬಿಟ್ಟರು. ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದರು. ನನ್ನ ಜಾತಿಯ ಮನುಷ್ಯ ಸಿಕ್ಕನೆಂದು ಹಿಗ್ಗಿದೆ.

“ನಲವತ್ತೊಂದು ಮರ” ಎಂದರು. “ತಲಿ ಇಲ್ಲಿ ಅದಾವ. ಮುಂಡ ಎಲ್ಲಿಟ್ಟೀರಿ ಕಾರಕೂನ್ರ?”

“ಮುಂಡ ನಮ್ಮವಲ್ರೀ, ತಲಿ ಅಷ್ಟ ತಂದೀನಿ.”

“ಒಂದು ನಂಬರ್ ಅಂದ್ರ ಒಂದು ಮರ. ಲಾರಿಗೆ ಲಾರಿ ಹಿಂಗ ಎಣಿಸಿ ಬಿಟ್ಟೀನಿ. ಚೀಟಿ ಅದ ಏನು?”

ಕಸಕ್ಕೆ ಯಾರು ಚೀಟಿ ಕೊಡುತ್ತಾರೆ? ಅವರು ದನಿ ಏರಿಸಲಿಲ್ಲ. “ನೋಡ್ರಿ, ಓಣ್ಯಾಗ ಹೋಗೂ ಮಂದಿ ಏನಂತಾರ? ಮಾಬುಸಾಬ ನಾಕಾದಾಗಿದ್ದಾಗ ತಿಂದದ್ದು ಈಗ ಹೊರಗ ಬಂತು ಅಂತಾರ. ಶುಕ್ರವಾರದೊಳಗ ಮನಿ ಖಾಲಿ ಮಾಡ್ರಿ” ಎಂದರು.

ನಾನು ಒಳಗೆ ಓಡಿ ನೋಟುಬುಕ್ಕು ತಂದೆ. ಸತ್ಯ ನನ್ನ ಕಡೆಗಿತ್ತು, ಅದೂ ತಾರೀಖು ಸಮೇತ. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಓದಿದಂತೆ ಮುಖ ಇನ್ನಷ್ಟು ಬಿಗಿಯಾಯಿತು.

“ಇನ್ನೂ ಹದಿನೇಳು ಸುಟ್ಟೀರಿ. ಸಹಿ ಅಷ್ಟ ಮಾಡಿಲ್ಲ, ಉಳಿದದ್ದೆಲ್ಲಾ ಒಪ್ಪಿಕೊಂಡೀರಿ. ಈ ಐದು ಯಾರಿಗೆ ಮಾರಿದ್ರಿ?”

ಬಾಗಿಲಲ್ಲಿ ನಿಂತಿದ್ದ ಅವ್ವ ಆಗ ಬಾಯಿ ಬಿಟ್ಟಳು. “ಮಾರಿಲ್ಲ ಸಾಬಣ್ಣ. ನಿಮ್ಮ ಮನ್ಯಾಗ ಅದಾವ. ಮೂರು ಉರದಾವ, ಎರಡು ಹಂಡೆದ ಹಿಂದ ಕುಂತಾವ. ಈ ಹುಡುಗಗ ಹೇಳಿದ್ರ ಬೀಬಮ್ಮಗೂ ಪಾಳಿ ಹಚ್ತಿದ್ದ, ಅದಕ್ಕ ಹೇಳಿಲ್ಲ.”

ಒಳಗಿನಿಂದ ಬೀಬಮ್ಮನವರ ದನಿ ಬಂತು: “ಈಗ ಎರಡು ಕೊಡ ಬಿಸಿನೀರು ಸುರುವಿಕೊಂಡ್ರಲ್ಲ, ಆಗ ನಂಬರ್ ಕೇಳಲಿಲ್ಲ ಇವ್ರು.”

ಮಾಬುಸಾಬರು ಇನ್ನೂ ಒದ್ದೆಯಿದ್ದ ತಲೆಯನ್ನು ಟವೆಲಿನಿಂದ ಒರೆಸಿಕೊಂಡರು. ಬಹಳ ಹೊತ್ತು ಒರೆಸಿದರು. ಆಮೇಲೆ, “ಕಟಗಿ ನಂಬರ್ ಗ್ವಾಡಿ ಕಡೆ ತಿರುವಿ ಇಡ್ರಿ. ಮನ್ಯಾಗ ನೀವು ಇರ್ರಿ, ಅವ್ವನೂ ಇರ್ಲಿ. ಈ ಕಿತಾಬ್ ಮಾತ್ರ ಇರಬಾರ್ದು. ಇದರಾಗ ಈಗ ನನ್ನ ಹಂಡೇನೂ ಬರತದ” ಎಂದರು.

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ತಕ್ಷಣ ಒಪ್ಪಲಿಲ್ಲ. ಒಂದು ಕಡೆ ಮನೆ, ಅವ್ವನ ಕುಸುಬೆ, ಗೆಳತಿ. ಇನ್ನೊಂದು ಕಡೆ ಎರಡು ತಿಂಗಳ ಅಂಕಿಗಳು. “ಏನು ವಿಚಾರ ಮಾಡಾಕತ್ತೀ?” ಎಂದು ಅವ್ವ ಗದರಿದಳು. ಒಲೆಯ ಮುಂದೆ ಕೂತು ಹಾಳೆ ಹಾಳೆ ಹರಿದು ಹಸಿ ಕಟ್ಟಿಗೆಯ ಕೆಳಗೆ ತುರುಕಿದೆ. ಊದುಗೊಳವೆ ಮುಟ್ಟುವ ಕೆಲಸವೇ ಬರಲಿಲ್ಲ, ಭಗ್ಗೆಂದು ಹತ್ತಿತು. ಅವ್ವ ನೀರಿಟ್ಟಳು. ನಾನು ಕೈಗಡಿಯಾರ ನೋಡಿಕೊಂಡೆ. ಒಂಬತ್ತು ನಿಮಿಷ. ಎರಡು ತಿಂಗಳಲ್ಲಿ ಅಷ್ಟು ಬೇಗ ನೀರು ಎಂದೂ ಕಾದಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಹೋಲಿಸಿ ನೋಡೋಣವೆಂದರೆ ಹಿಂದಿನ ಅಂಕಿಗಳೆಲ್ಲ ಒಲೆಯಲ್ಲಿದ್ದವು.