ಬೆಟ್ಟದೂರಿನ ಪೇಡಾ

ಹೇಳಿಬಿಡುವುದೋ, ಸುಮ್ಮನಿರುವುದೋ? ಪೇಡಾ ಡಬ್ಬಿಯ ಮೇಲಿದ್ದ ಶಿವಮೊಗ್ಗದ ಅಂಗಡಿಯ ಲೇಬಲ್ಲನ್ನು ಉಗುರಿನಿಂದ ಕೆರೆಯುತ್ತ ಕಾಂತರಾಜ ಯೋಚಿಸುತ್ತಿದ್ದ.

ಪ್ರವಾಸ ಹೋಗಿಬಂದವರು ಆ ಊರಿನ ಸಿಹಿಯನ್ನು ಇಡೀ ಲೈನಿನ ಮನೆಗಳಿಗೆ ಹಂಚಬೇಕು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಪದ್ಧತಿ ಅದು. ಹಿಮಾಲಯದ ಪುಟ್ಟ ಕೆರೆಯೂರಿನಲ್ಲಿ ಕಾಂತರಾಜ ಸಿಹಿಯನ್ನೇನೋ ಕೊಂಡಿದ್ದ. ಆದರೆ ವಾಪಸು ಬರುವಾಗ ಗಂಡ ಹೆಂಡತಿ ಇಬ್ಬರೂ ಗೊರಕೆ ಹೊಡೆಯುತ್ತ ಭದ್ರಾವತಿಯನ್ನು ದಾಟಿ, ಶಿವಮೊಗ್ಗದಲ್ಲಿ ಗಡಬಡಿಸಿ ಇಳಿದರು. ಸಿಹಿ ರೈಲಿನಲ್ಲೇ ಉಳಿಯಿತು. ಬಸ್ ಸ್ಟ್ಯಾಂಡಿನ ಪಕ್ಕ ಪೇಡಾ ಕೊಂಡು ಬಸ್ಸು ಹತ್ತಿದ್ದರು.

"ಸ್ಟೀಲ್ ಡಬ್ಬಿಗೆ ಸುರಿದ್ರೆ ಯಾರಿಗೆ ಗೊತ್ತಾಗುತ್ತೆ ರೀ?" ಎಂದಳು ಹೆಂಡತಿ ಜಯಶೀಲಾ.

ಗೊತ್ತಾದದ್ದು ಪಕ್ಕದ ಮನೆಯ ಶೇಷಮ್ಮನ ನಾಲಿಗೆಗೆ. ಪೇಡಾ ಬಾಯಿಗಿಟ್ಟು, ಚಿನ್ನ ಒರೆಗೆ ಹಚ್ಚುವ ಅಕ್ಕಸಾಲಿಯಂತೆ ಕಣ್ಣು ಕಿರಿದು ಮಾಡಿದರು. "ಹಿಮಾಲಯದಲ್ಲೂ ನಮ್ಮ ಶಿವಮೊಗ್ಗದ ಪೇಡಾನೇ ಮಾಡ್ತಾರೇನಪ್ಪ?"

"ಬೆಳಿಗ್ಗೆ ಶಿವಮೊಗ್ಗ ಬಸ್ಸಿಂದ ಇಳಿದಿದ್ದನ್ನ ನಾನೇ ನೋಡ್ದೆ," ಎಂದ ಎದುರುಮನೆಯ ಯೋಗರಾಜ. "ಅಲ್ಲಿ ಸವಳಂಗ ರಸ್ತೇಲಿ ಭಾಮೈದನ ಮನೆ ಇದೆಯಲ್ಲ, ಅದೇ ಇವರ ಹಿಮಾಲಯ!"

"ಅಯ್ಯೋ, ಭಾಮೈದನ ಮನೇಲಿ ಹಾಕ್ಕೊಳ್ಳೋಕೆ ನನ್ನ ಮಂಕಿ ಕ್ಯಾಪ್ ಇಸ್ಕೊಂಡು ಹೋದ್ಯಾ?" ಎಂದರು ಶೇಷಮ್ಮ.

ಸುದ್ದಿ ಸೈರನ್ನಿಗಿಂತ ಮೊದಲೇ ಫೋರ್‌ಮನ್ ಹಾಲಸ್ವಾಮಿಯನ್ನು ಮುಟ್ಟಿತು. ರಜೆ ಕೊಡುವವನು ಅವನೇ. "ಹಿಮಾಲಯ ಅಂತ ಬಿಡ್ತಾ ಇದೀನಿ. ಸುಳ್ಳಾದ್ರೆ ಯುಗಾದಿವರೆಗೆ ರಜೆ ಅನ್ನೋ ಮಾತೇ ಎತ್ತಬೇಡ," ಎಂದೇ ಕಳಿಸಿದ್ದ. ಹೋದ ಚಳಿಗಾಲ ಅದೇ ಊರಿಗೆ ಹೋಗಿಬಂದ ಅವನು, ಹೆಪ್ಪುಗಟ್ಟಿದ ಕೆರೆಯನ್ನು ನಡೆದೇ ದಾಟಿದ ಕತೆಯನ್ನು ವರ್ಷವಿಡೀ ಹೇಳಿದ್ದ.

ಸಂಜೆ ಶೇಷಮ್ಮನ ಜಗಲಿಯ ಮೇಲೆ ವಿಚಾರಣೆ ಶುರುವಾಯಿತು. ಮೊದಲ ಸಾಕ್ಷಿ ಜಯಶೀಲಾ.

"ಕೆರೆ ನಾನೆಲ್ಲಿ ನೋಡ್ದೆ? ಆ ಚಳಿಗೆ ರಗ್ಗಿಂದ ಮೂಗು ಸಹಾ ಹೊರಗೆ ಹಾಕ್ಲಿಲ್ಲ."

ಜಗಲಿ ಗೊಳ್ಳೆಂದಿತು. ಹಾಲಸ್ವಾಮಿ ಎಡಗೆನ್ನೆಯ ದೊಡ್ಡ ಮಚ್ಚೆಯನ್ನು ಸವರಿಕೊಂಡ. "ಒಂದೇ ಪ್ರಶ್ನೆ ಮಾರಾಯ. ಕೆರೆ ಮೇಲೆ ನಡೆದ್ಯಾ?"

ಕೆರೆಯನ್ನು ಕಾಂತರಾಜ ಕಣ್ಣಾರೆ ಕಂಡಿದ್ದ. ದಂಡೆಯಲ್ಲಿ ಹಾಲಿನ ಕೆನೆಯಂಥ ತೆಳು ಪದರ ಬಿಟ್ಟರೆ ಅಲ್ಲಿದ್ದದ್ದು ಬರೀ ನೀರು. ಹಾಗೆ ಹೇಳಿದರೆ ಫೋರ್‌ಮನ್ನನನ್ನೇ ಎಲ್ಲರೆದುರು ಸುಳ್ಳುಗಾರ ಮಾಡಿದಂತೆ.

"ನಡೆದೆ ಸಾರ್. ನೀವು ಹೇಳಿದ ಹಾಗೇ. ಬಂಡೆ ಥರ ಗಟ್ಟಿಯಾಗಿತ್ತು."

"ಸಿಕ್ಕಿಬಿದ್ದ!" ಹಾಲಸ್ವಾಮಿ ಚಪ್ಪಾಳೆ ತಟ್ಟಿದ. "ಆ ಕೆರೆ ನಡೆಯೋವಷ್ಟು ಯಾವತ್ತೂ ಗಟ್ಟಿಯಾಗಲ್ಲ! ನಿನ್ನಂಥೋರನ್ನ ಹಿಡಿಯೋಕೇ ನಾನು ಆ ಕತೆ ಕಟ್ಟಿದ್ದು. ಯುಗಾದಿವರೆಗೆ ರಜೆ ಇಲ್ಲ, ಹೋಗು!"

ಶೇಷಮ್ಮ ಕಾಂತರಾಜನ ಕೈಯಿಂದ ತಮ್ಮ ಮಂಕಿ ಕ್ಯಾಪನ್ನು ಕಿತ್ತುಕೊಂಡರು. ಒಳಗೆ ಹೋಗುವಾಗ ಇನ್ನೊಂದು ಪೇಡಾವನ್ನೂ ಎತ್ತಿಕೊಂಡರು.

ಕಾಂತರಾಜ ಜಗಲಿಯ ಕಂಬಕ್ಕೊರಗಿ ಪೇಡಾ ಡಬ್ಬಿಯ ಮುಚ್ಚಳ ಹಾಕಿದ. ಅಲ್ಲಿಗೆ ಹೋಗಿದ್ದಕ್ಕೆ ಅವನ ಬಳಿ ಸಾಕ್ಷಿ ಇತ್ತು. ಭದ್ರಾವತಿಯವನೆಂದು ತಿಳಿದೊಡನೆ ಕೆರೆಯ ದಂಡೆಯ ಚಹಾದ ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಹೋದ ಚಳಿಗಾಲ ಭದ್ರಾವತಿಯವನೇ ಆದ, ಎಡಗೆನ್ನೆಯಲ್ಲಿ ಮಚ್ಚೆಯಿದ್ದ ಒಬ್ಬಾತ ಆ ತೆಳು ಪದರವನ್ನು ನಂಬಿ ಕಾಲಿಟ್ಟು, ಕುತ್ತಿಗೆವರೆಗೆ ಮುಳುಗಿ, "ಅಮ್ಮಾ" ಎಂದು ಅತ್ತನಂತೆ; ಕೊನೆಗೆ ಕುದುರೆಯ ಹಗ್ಗ ಹಾಕಿ ಅವನನ್ನು ಮೇಲೆಳೆದರಂತೆ.

ಯುಗಾದಿಯ ನಂತರವೂ ರಜೆ ಕೇಳಬೇಕಾದದ್ದು ಆ ಮಚ್ಚೆಯವನನ್ನೇ. ಕಾಂತರಾಜ ಅದನ್ನು ಯಾರಿಗೂ ಹೇಳಲಿಲ್ಲ.