ಬರಲಿರುವ ಖರೀದಿದಾರನಿಗೆ ಈಗಿನಿಂದಲೇ ಮನೆ ಬಿಟ್ಟುಕೊಡುವ ಕುರಿತು

ಗೃಹ ನವೀಕರಣ, ಸೌಖ್ಯ ಹಾಗೂ ಮರುಮಾರಾಟ ನಿರ್ದೇಶನಾಲಯ
(ಸೌಖ್ಯ ಶಾಖೆಯ ಹುದ್ದೆ ಖಾಲಿ ಇದ್ದು, ಪ್ರಭಾರ ಮರುಮಾರಾಟ ಶಾಖೆಯದು)

ಸಂಖ್ಯೆ: ಗೃನಸೌಮ/ಅಡುಗೆ ಕಟ್ಟೆ/ಎತ್ತರ/42 ಇಂಚು/ತಿದ್ದುಪಡಿ: 33 ಇಂಚು

ಸುತ್ತೋಲೆ

ವಿಷಯ: ವಾಸದ ಮನೆಗಳನ್ನು ನವೀಕರಿಸುವಾಗ, ಸದರಿ ಮನೆಗಳಲ್ಲಿ ವಾಸವಿರುವವರನ್ನೂ ಸಾಧ್ಯವಾದ ಮಟ್ಟಿಗೆ ಗಣನೆಗೆ ತೆಗೆದುಕೊಳ್ಳುವ ಬಗ್ಗೆ.

ಉಲ್ಲೇಖ:
1) ಹೊಲಿಗೆ ಕೆಲಸದ ಗೃಹಿಣಿಯೊಬ್ಬರ ದೂರು (ಗಿರಾಕಿಯ ಅಳತೆಚೀಟಿಯ ಹಿಂಬದಿಯಲ್ಲಿ ಬರೆದದ್ದು).
2) ಕ್ಷೇತ್ರ ಪರಿವೀಕ್ಷಕರ ವರದಿ (ಒದ್ದೆಯಾಗಿದೆ).

ಪ್ರಸ್ತಾವನೆ:

ತಮ್ಮ ಮನೆಯಲ್ಲಿ ಗುರುತು ಪರಿಚಯವಿಲ್ಲದ ಆರಡಿ ಎತ್ತರದ ಗಂಡಸೊಬ್ಬ ಏಳು ತಿಂಗಳಿಂದ ಸೇರಿಕೊಂಡಿದ್ದಾನೆ, ಸೋಫಾ, ಸ್ನಾನದ ತೊಟ್ಟಿ, ಅಡುಗೆಮನೆ ಎಲ್ಲವೂ ಅವನ ಪಾಲಾಗಿದೆ, ತಾನು ಅಕ್ಕನ ಮನೆ ಸೇರಬೇಕಾಯಿತು ಎಂದು ಉಲ್ಲೇಖ (1)ರಲ್ಲಿ ದೂರಲಾಗಿತ್ತು. ವಿಷಯದ ಗಾಂಭೀರ್ಯವನ್ನು ಪರಿಗಣಿಸಿ ಪರಿವೀಕ್ಷಕರನ್ನು ಸ್ಥಳಕ್ಕೆ ಕಳುಹಿಸಲಾಯಿತು. ಅವರು ಮಂಚದ ಕೆಳಗೆ, ಅಟ್ಟದ ಮೇಲೆ ಹುಡುಕಿ, ಕೊನೆಗೆ ಸ್ನಾನದ ತೊಟ್ಟಿಗೂ ಇಳಿದು, ನಲ್ಲಿಗೆ ಮೊಣಕೈ ತಾಗಿ ಅಂಗಿ ಸಮೇತ ಮಿಂದರೂ ಸದರಿ ಗಂಡಸು ಪತ್ತೆಯಾಗಲಿಲ್ಲ. ವಿಚಾರಿಸಲಾಗಿ, ಅವನು ಇನ್ನೂ ಬಂದೇ ಇಲ್ಲವೆಂದೂ, ಅವನು ಮುಂದೆಂದೋ ಆ ಮನೆಯನ್ನು ಕೊಳ್ಳಲಿರುವ ಖರೀದಿದಾರನೆಂದೂ ತಿಳಿದುಬಂದಿತು.

ಮನೆಯ ಯಜಮಾನರು ನಿವೃತ್ತ ಭೂಮಾಪಕರು. ಬೀದಿಯವರ ಬಾಯಲ್ಲಿ ಅಳತೆಮಾಮ. ಟೇಪು ಜೇಬಿನಲ್ಲಿಲ್ಲದೆ ಹೊಸ್ತಿಲು ದಾಟಿದವರಲ್ಲ. ಮನೆ ರಿಪೇರಿಯ ಮಾತು ಬಂದಾಗ ಅವರ ಪತ್ನಿ ಕೇಳಿದ್ದು ಎರಡೇ: ಬಚ್ಚಲ ಬಾಗಿಲಿಗೊಂದು ಚಿಲಕ, ಹೊಲಿಗೆ ಮಿಷನ್ನಿನ ಎದುರಿಗೊಂದು ಕಿಟಕಿ. ಚಿಲಕ ಕೆಟ್ಟು ಹನ್ನೊಂದು ವರ್ಷವಾಗಿದ್ದು, ಒಳಗಿರುವವರು ಹಾಡುತ್ತಲೇ ಇರಬೇಕೆಂಬ ತಾತ್ಕಾಲಿಕ ವ್ಯವಸ್ಥೆ ಜಾರಿಯಲ್ಲಿತ್ತು. ಯಜಮಾನರಿಗೆ ಬರುತ್ತಿದ್ದುದು ಒಂದೇ ಪಲ್ಲವಿ. ಅದನ್ನು ಕೇಳಿ ಕೇಳಿ ಸಾಕಾಗಿ ಪಕ್ಕದ ಮನೆಯವರು ಆ ಬದಿಯ ಕಿಟಕಿಯನ್ನೇ ಇಟ್ಟಿಗೆಯಿಂದ ಮುಚ್ಚಿಸಿದ್ದರು.

ಈ ಹಂತದಲ್ಲಿ, ಮನೆ ದಲ್ಲಾಳಿಯಾದ ಪತ್ನಿಯ ತಮ್ಮನು ಕೇಳದೆಯೇ ಸಲಹೆ ನೀಡಿದನು. “ಭಾವ, ಚಿಲಕ ನೋಡಿ ಯಾರಾದ್ರೂ ಮನೆ ತಗೋತಾರಾ? ನಿಮಗೋಸ್ಕರ ಕಟ್ಟಿಸ್ಬೇಡಿ. ತಗೊಳ್ಳೋನಿಗೋಸ್ಕರ ಕಟ್ಟಿಸಿ.”

“ನಾನೆಲ್ಲಿ ಮಾರ್ತೀನಿ ಅಂದೆ? ಆಮೇಲೆ, ಯಾರೋ ಅವನು?”

“ಯಾರೋ ಒಬ್ಬ ಬರ್ತಾನೆ. ಎತ್ತರದ ಆಳು ಅಂತಿಟ್ಕೊಳ್ಳಿ. ದೊಡ್ಡ ಮನೆ ತಗೊಳ್ಳೋರೆಲ್ಲ ಎತ್ತರಕ್ಕೇ ಇರ್ತಾರೆ.”

ಅಂದಿನಿಂದ ಆ ಎತ್ತರದ ಆಳು ಯಜಮಾನರ ತಲೆಯಲ್ಲಿ ಠಿಕಾಣಿ ಹೂಡಿದನು. ಅವನ ಸೊಂಟಕ್ಕೆ ಸರಿಯಾಗಲೆಂದು ಅಡುಗೆ ಕಟ್ಟೆಯನ್ನು ನಲವತ್ತೆರಡು ಇಂಚಿಗೆ ಏರಿಸಲಾಯಿತು. ಪಾತ್ರೆಯೊಳಗೆ ಏನು ಬೇಯುತ್ತಿದೆಯೆಂದು ನೋಡಲು ಪತ್ನಿ ಸ್ಟೂಲು ಹತ್ತಬೇಕಾಯಿತು. ಕಿಟಕಿ ಬರಬೇಕಿದ್ದ ಗೋಡೆಗೆ ಕನ್ನಡಿಯ ಬೀರು ಬಂತು. ಬಚ್ಚಲಿಗೆ ತೊಟ್ಟಿ ಬಂದ ಮೇಲೆ ಬಾಗಿಲು ಅರ್ಧಕ್ಕೇ ನಿಂತು, ಒಳಗೆ ಅಡ್ಡಡ್ಡ ನುಸುಳಬೇಕಾಯಿತು. ಚಿಲಕ ಮಾತ್ರ ಬರಲಿಲ್ಲ. ಅದನ್ನು ತಗೊಳ್ಳುವವನೇ ಆರಿಸಿಕೊಳ್ಳಲಿ ಎಂದು ತೀರ್ಮಾನಿಸಲಾಯಿತು. ತೊಟ್ಟಿಗೆ ಕಲೆ ಬಿದ್ದೀತೆಂಬ ಭಯದಿಂದ ದಂಪತಿ ಪಕ್ಕದ ಮನೆಯಲ್ಲಿ ಸ್ನಾನ ಮಾಡತೊಡಗಿದರು. ಅಲ್ಲಿ ಚಿಲಕವಿತ್ತು. ಆದರೂ ಯಜಮಾನರು ಅಭ್ಯಾಸಬಲದಿಂದ ಹಾಡಿದರು.

ಏಳನೆಯ ತಿಂಗಳಲ್ಲಿ ಸ್ಟೂಲು ಜಾರಿತು. ಪತ್ನಿ ಎರಡೂ ಕೈಯಿಂದ ಕಟ್ಟೆ ಹಿಡಿದು ಜೋತುಬಿದ್ದಿರುವಾಗ ನಡುಮನೆಯಿಂದ ಯಜಮಾನರ ಧ್ವನಿ ಬಂದಿತು: “ಕಟ್ಟೆಗೆ ಗೀರು ಬಿತ್ತಾ?”

ಪತ್ನಿ ತಾವೇ ಇಳಿದು, ಒಲೆ ಆರಿಸಿ, ಸೆರಗು ಕೊಡವಿಕೊಂಡರು. “ಬರ್ತಾನಲ್ಲ ನಿಮ್ಮ ಎತ್ತರದೋನು, ಅವನ ಕೈಲೇ ಬೇಯಿಸ್ಕೊಂಡು ತಿನ್ನಿ. ನಾನು ಅಕ್ಕನ ಮನೆಗೆ ಹೊರಟೆ.” ಹೊಲಿಗೆ ಮಿಷನ್ನನ್ನೂ ಹೊರಿಸಿಕೊಂಡು ಹೋದ ಕಾರಣ ಇದನ್ನು ಸಾಂದರ್ಭಿಕ ರಜೆಯೆಂದು ಪರಿಗಣಿಸಲು ಅವಕಾಶವಿರಲಿಲ್ಲ.

ಪರಿವೀಕ್ಷಕರು ಅಂಗಿ ಹಿಂಡುತ್ತಿದ್ದಾಗಲೇ ದಲ್ಲಾಳಿ ತಮ್ಮನು ನಿಜವಾದ ಖರೀದಿದಾರರೊಬ್ಬರನ್ನು ಕರೆತಂದನು. ಅವರು ಹಲ್ಲಿನ ಡಾಕ್ಟರು, ಹೆಂಗಸು, ಎತ್ತರ ನಾಲ್ಕಡಿ ಒಂಬತ್ತು ಇಂಚು. ಅಡುಗೆ ಕಟ್ಟೆಯ ಮುಂದೆ ನಿಂತಾಗ ಅವರ ತಲೆಯಷ್ಟೇ ಆಚೆಯಿಂದ ಕಾಣಿಸಿತೆಂದು ವರದಿಯಾಗಿದೆ.

“ಬಚ್ಚಲಲ್ಲಿ ನೀರು ಜೋರಾಗಿ ಬರುತ್ತಾ?”

“ಪಕ್ಕದ ಮನೇಲಿ ಚೆನ್ನಾಗಿ ಬರುತ್ತಮ್ಮ,” ಎಂದರು ಯಜಮಾನರು.

“ಸೋಫಾ ಮೆತ್ತಗಿದೆಯಾ?”

“ಪ್ಲಾಸ್ಟಿಕ್ ಮೆತ್ತಗಿದೆ. ಒಳಗಿಂದು ಗೊತ್ತಿಲ್ಲ.”

ಡಾಕ್ಟರು ಅವರ ಮುಖವನ್ನೇ ನೋಡಿದರು. “ಹಾಗಾದ್ರೆ ನೀವು ಈ ಮನೇಲಿ ಇರಲ್ವಾ?”

ಮೂವತ್ತೊಂದು ವರ್ಷ ಅದೇ ಮನೆಯಲ್ಲಿದ್ದ ಮನುಷ್ಯ, ಯಾರದೋ ಮನೆಗೆ ಬಂದು, “ಕೂರಿ” ಎನ್ನಿಸಿಕೊಳ್ಳದವರಂತೆ ಬಾಗಿಲ ಬಳಿಯೇ ನಿಂತಿದ್ದರೆಂದು ನಮೂದಾಗಿದೆ.

ಮರುದಿನ ಬೆಳಿಗ್ಗೆ ಗಾರೆಯವನನ್ನು ಕರೆಸಲಾಯಿತು. ಕಟ್ಟೆ ಎಷ್ಟಕ್ಕೆ ಇಳಿಸಬೇಕೆಂದು ಅವನು ಕೇಳಿದಾಗ ಯಜಮಾನರು ಟೇಪು ಹೊರತೆಗೆದು ಮತ್ತೆ ಜೇಬಿಗೇ ಹಾಕಿಕೊಂಡರು. ಊರ ಹೊಲ, ಕೆರೆ, ದಾರಿಗಳ ಅಳತೆ ಅವರಿಗೆ ನಾಲಿಗೆ ತುದಿಯಲ್ಲಿತ್ತು. ಹೆಂಡತಿಯ ಮೊಣಕೈ ನೆಲದಿಂದ ಎಷ್ಟು ಎತ್ತರವೆಂಬುದು ಗೊತ್ತಿರಲಿಲ್ಲ. ನೆಟ್ಟಗೆ ಪತ್ನಿಯ ಅಕ್ಕನ ಮನೆಗೆ ನಡೆದರು.

“ಸ್ವಲ್ಪ ಎದ್ದು ಕೈ ಮಡಚು. ಅಳತೆ ಬೇಕು.”

ಪತ್ನಿ ಕತ್ತರಿ ಕೆಳಗಿಟ್ಟರು. “ಊರೆಲ್ಲ ಅಳೆದ್ರಿ. ಮೂವತ್ತೊಂದು ವರ್ಷಕ್ಕೆ ಈ ಕಡೆ ತಿರುಗಿದ್ರಾ?”

“ತಡ ಆಯ್ತು ಕಣೆ.”

“ಆ ಟೇಪು ಬೇಡ. ಅದು ಜಮೀನು ಅಳೆದಿದ್ದು,” ಎಂದು ಅವರು ಕೊರಳಲ್ಲಿದ್ದ ತಮ್ಮ ಹೊಲಿಗೆ ಟೇಪನ್ನು ತೆಗೆದುಕೊಟ್ಟರು. ಮೊಣಕೈ ಮೂವತ್ತಾರು ಇಂಚು. ಯಜಮಾನರು ಎರಡು ಸಲ ಅಳೆದರು; ಎರಡನೆಯದರ ಅಗತ್ಯವಿರಲಿಲ್ಲವೆಂದು ಅಕ್ಕನ ಅಭಿಪ್ರಾಯ.

ಕಟ್ಟೆ ಇಳಿಯಿತು, ಬೀರು ಹೋಗಿ ಕಿಟಕಿ ಬಂತು, ಬಚ್ಚಲಿಗೆ ಚಿಲಕ ಬಿತ್ತು, ಮಿಷನ್ನೂ ಪತ್ನಿಯೂ ಒಂದೇ ಗಾಡಿಯಲ್ಲಿ ವಾಪಸಾದರು. ವಿಷಯ ತಿಳಿದು ಹಲ್ಲಿನ ಡಾಕ್ಟರು ಮತ್ತೊಮ್ಮೆ ಬಂದು, ಕಿಟಕಿಯ ಬಳಿ ಕುಳಿತು, “ಈಗ ಮನೆ ಥರ ಇದೆ. ನೀವು ಹೇಳಿದ ಬೆಲೆಗೇ ತಗೋತೀನಿ,” ಎಂದರು. ತಮ್ಮನು ಎದ್ದೇ ನಿಂತನು.

“ಈಗ ತಾನೇ ಚಿಲಕ ಹಾಕ್ಸಿದ್ದೀವಿ ಡಾಕ್ಟ್ರೇ,” ಎಂದರು ಪತ್ನಿ. “ಒಂದಿಪ್ಪತ್ತು ವರ್ಷ ಬಾಗಿಲು ಹಾಕ್ಕೊಂಡು ನೋಡ್ತೀವಿ.”

ಈ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಕೆಳಕಂಡಂತೆ ಪಾಲಿಸಲು ಈ ಮೂಲಕ ಎಲ್ಲ ಮನೆಮಂದಿಗೆ ಸೂಚಿಸಲಾಗಿದೆ:

1. ಮನೆಯನ್ನು ಮೊದಲು ಅದರಲ್ಲಿ ಇರುವವರಿಗಾಗಿಯೂ, ಜಾಗ ಉಳಿದಲ್ಲಿ ಬರುವವರಿಗಾಗಿಯೂ ನವೀಕರಿಸತಕ್ಕದ್ದು.

2. ಅಡುಗೆ ಕಟ್ಟೆಯು ಮೊಣಕೈಗಿಂತ ನಾಲ್ಕು ಬೆರಳು ಕೆಳಗಿರತಕ್ಕದ್ದು. ಯಾರ ಮೊಣಕೈ ಎಂಬ ವಿವಾದ ಎದ್ದಲ್ಲಿ, ವಿವಾದ ಎಬ್ಬಿಸಿದವರೇ ಇತ್ಯರ್ಥವಾಗುವವರೆಗೆ ಅಡುಗೆ ಮಾಡತಕ್ಕದ್ದು.

3. ಸೋಫಾದ ಪ್ಲಾಸ್ಟಿಕ್ಕನ್ನು ಹದಿನೈದು ದಿನಗಳೊಳಗೆ ತೆಗೆಯತಕ್ಕದ್ದು. ಬೇಸಿಗೆಯಲ್ಲಿ ಅಂಟಿಕೊಂಡಿರುವ ನೆಂಟರಿದ್ದಲ್ಲಿ ಅವರನ್ನು ಮೊದಲು ಬಿಡಿಸತಕ್ಕದ್ದು.

4. ಸ್ನಾನದ ತೊಟ್ಟಿಯಲ್ಲಿ ತಿಂಗಳಿಗೊಮ್ಮೆಯಾದರೂ ಮನುಷ್ಯರು ಸ್ನಾನ ಮಾಡತಕ್ಕದ್ದು. ಅದರಲ್ಲಿ ಈರುಳ್ಳಿ ದಾಸ್ತಾನು ಮಾಡುವುದನ್ನು ಸ್ನಾನವೆಂದು ಪರಿಗಣಿಸಲಾಗುವುದಿಲ್ಲ.

5. ಚಿಲಕವಿಲ್ಲದ ಬಚ್ಚಲುಗಳಲ್ಲಿ ಹಾಡು ಬಾರದವರು ಮಗ್ಗಿ ಹೇಳಬಹುದು. ಹತ್ತೊಂಬತ್ತರ ಮಗ್ಗಿ ತಪ್ಪಿದಲ್ಲಿ ಹೊರಗಿರುವವರು ತಿದ್ದಬಹುದೇ ಹೊರತು ಒಳಬರುವಂತಿಲ್ಲ.

6. ಬಿದ್ದವರನ್ನು ಎತ್ತುವ ಮುನ್ನ ಗೀರಿನ ಬಗ್ಗೆ ವಿಚಾರಿಸುವವರು, ಒಂದು ವಾರ ಅದೇ ಸ್ಟೂಲಿನ ಮೇಲೆ ನಿಂತು ಊಟ ಮಾಡತಕ್ಕದ್ದು.

7. ಬರಲಿರುವ ಖರೀದಿದಾರನ ಎತ್ತರ ಊಹಿಸುವವರು ಅವನ ಇತ್ತೀಚಿನ ಭಾವಚಿತ್ರವನ್ನು ಮೂರು ಪ್ರತಿಗಳಲ್ಲಿ, ಅವನ ಸಹಿಯೊಂದಿಗೆ ಲಗತ್ತಿಸತಕ್ಕದ್ದು.

8. ಹೆಂಡತಿಯ ತಮ್ಮನ ಸಲಹೆಯನ್ನು ಲಿಖಿತವಾಗಿ ಸ್ವೀಕರಿಸಿ, ಸ್ವೀಕೃತಿ ನೀಡಿ, ಕಡತದಲ್ಲಿಟ್ಟು, ಕಡತವನ್ನು ಕಳೆದುಹಾಕತಕ್ಕದ್ದು.

ಸಹಿ/-
ನಿರ್ದೇಶಕರು

ಪ್ರತಿಗಳು:
1) ಎಲ್ಲ ಬಡಗಿಗಳಿಗೆ, ಗಾರೆಯವರಿಗೆ, ಕೆಲಸ ಒಪ್ಪಿಕೊಂಡ ಮೇಲೆ ಸಿಕ್ಕಿದಲ್ಲಿ.
2) ಹಲ್ಲಿನ ಡಾಕ್ಟರಿಗೆ, ವಿಷಾದದೊಂದಿಗೆ.
3) ಕ್ಷೇತ್ರ ಪರಿವೀಕ್ಷಕರಿಗೆ, ನೆಗಡಿ ವಾಸಿಯಾದ ನಂತರ.
4) ನಿರ್ದೇಶಕರ ಪತ್ನಿಯವರಿಗೆ: ಬಟ್ಟೆ ಒಣಗಿಸಲು ಹಿತ್ತಿಲಿಗೊಂದು ತಗಡಿನ ಮಾಡು ಬೇಕೆಂದು ತಾವು ಒಂಬತ್ತು ವರ್ಷಗಳಲ್ಲಿ ಸಲ್ಲಿಸಿರುವ ಹದಿನಾಲ್ಕು ಮೌಖಿಕ ಮನವಿಗಳನ್ನು ಪರಿಶೀಲಿಸಲಾಗಿದೆ. ಬಡಗಿ ಭಾನುವಾರ ಬರುತ್ತಾನೆ.