ಅಕ್ಕನಿಗೂ ಒಂದು ಊಟದ ಟೋಕನ್

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಸಕಲೇಶಪುರದ ಆಸ್ಪತ್ರೆಯಲ್ಲಿ, ಬೆಳಗಿನ ಕಾಫಿ ಹೊತ್ತಿಗೆ ಸರಿಯಾಗಿ, ಎರಡೂಮುಕ್ಕಾಲು ಕೆ.ಜಿ. ತೂಕ. ಮೂಗು ನನ್ನದೇ. ಇದು ನನ್ನ ಮಾತಲ್ಲ, ಆಸ್ಪತ್ರೆಯ ನರ್ಸಮ್ಮ ಹೇಳಿದ್ದು. ನಾನು ಮೂರು ಸಲ ಕೇಳಿದ ಮೇಲೆ ಹೇಳಿದರು, ಅದು ಬೇರೆ ವಿಚಾರ.

ಈ ಸಂತೋಷದಲ್ಲಿ ನಾನು ನಡೆಸಿದ ಘನಕಾರ್ಯ ಊರಿಗೆಲ್ಲ ಗೊತ್ತು. ಊರವರು ಹೇಳುವಾಗ ಸ್ವಲ್ಪ ಮಸಾಲೆ ಸೇರಿಸುತ್ತಾರೆ. ಹಾಗಾಗಿ ನಾನೇ ಬರೆದಿಡೋಣವೆಂದು ಕೂತಿದ್ದೇನೆ. ನಾಲ್ಕನೇ ಕ್ಲಾಸು ಪಾಸಾದವನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಹದಿನಾಲ್ಕು ವರ್ಷ ಮಸ್ಕತ್ತಿನಲ್ಲಿದ್ದೆ. ರಸ್ತೆ ಕೆಲಸದವರ ಕ್ಯಾಂಪಿನಲ್ಲಿ ಅಡುಗೆಯವನು. ಮುನ್ನೂರು ಜನ, ಮೂರು ಹೊತ್ತು. ಅಲ್ಲಿನ ಕಾನೂನು ಒಂದೇ: ಟೋಕನ್ ಇದ್ದರೆ ತಟ್ಟೆ, ಇಲ್ಲದಿದ್ದರೆ ಇಲ್ಲ. ದೊಡ್ಡ ಸಾಹೇಬರು ಟೋಕನ್ ಮರೆತು ಬಂದಾಗಲೂ ನಾನು ಸೌಟು ಎತ್ತಿದವನಲ್ಲ. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಅನ್ನ ಕಡಿಮೆ ಬೀಳಲಿಲ್ಲ, ಒಂದು ದಿನವೂ ಮಿಗಲಿಲ್ಲ. ಅಡುಗೆ ರುಚಿಯಾಗಿತ್ತೇ ಎಂದು ನೀವು ಕೇಳಬಹುದು. ದಯವಿಟ್ಟು ಕೇಳಬೇಡಿ.

ಕೆಲಸ ಬಿಟ್ಟು, ಬಾಳ್ಳುಪೇಟೆಯಿಂದ ಒಳಗಿರುವ ನಮ್ಮ ನಲವತ್ತು ಮನೆಯ ಊರಿಗೆ ಬಂದು ಆರು ತಿಂಗಳಾಗಿತ್ತು. ಬಂದ ಮೊದಲ ದಿನವೇ ಹೆಂಡತಿ ಜಯಮ್ಮನಿಗೂ ತವರಿಗೆ ಬಂದಿದ್ದ ಮಗಳು ಸವಿತಾಳಿಗೂ ಊಟಕ್ಕೆ ಲೈನಿನಲ್ಲಿ ನಿಲ್ಲಿ ಎಂದೆ. ಇಬ್ಬರೇ ಆದರೂ ಲೈನು ನೇರವಾಗಿತ್ತು. ಮಾರನೆಯ ದಿನ ಸಾರು ಮಾಡಿದೆ. ಅಂದಾಜು ಸ್ವಲ್ಪ ಹೆಚ್ಚಾಯಿತು. ಆ ಸಾರನ್ನು ನಾವು ಮುಂದಿನ ಸೋಮವಾರದವರೆಗೆ ಉಂಡೆವು.

ಈಗ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರ. ನಾನು ಹೊರಟಾಗ ಸವಿತಾಳಿಗೆ ಎಂಟು ವರ್ಷ. ಅವಳ ಮದುವೆಯನ್ನು ನಾನು ನೋಡಿದ್ದು ಟಪಾಲಿನಲ್ಲಿ ಬಂದ ಫೋಟೋದಲ್ಲಿ. ಈ ಸಲವಾದರೂ ಎಲ್ಲವನ್ನೂ ನಾನೇ ಮಾಡಬೇಕೆಂದು ಪಣ ತೊಟ್ಟೆ.

ಬಾಣಂತಿಯನ್ನು ಬಿಟ್ಟು ಕದಲದ ಜಯಮ್ಮ ಕುಂಕುಮದ ಬಟ್ಟಲನ್ನು ನನ್ನ ಕೈಗಿತ್ತಳು.

"ಪುಟ್ಟಕ್ಕನ್ನ ಜತೆಗೆ ಕರ್ಕಂಡು ಹೋಗಿ ಊರೆಲ್ಲ ಕರೆದು ಬನ್ನಿ. ನಾಲ್ಕು ದಿನ ಹಿಡೀತದೆ, ಇವತ್ತೇ ಶುರು ಮಾಡಿ."

ನಾಲ್ಕು ದಿನ! ನಲವತ್ತು ಮನೆಗೆ! ನನಗೆ ನಗು ಬಂತು. ಪುಟ್ಟಕ್ಕ ನನ್ನ ಒಡಹುಟ್ಟಿದ ಅಕ್ಕ. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಈಗ ಮಂಡಿನೋವು. ಪಾಪ, ಮುದುಕಿಯನ್ನು ಯಾಕೆ ನಡೆಸುವುದು ಎಂದುಕೊಂಡು ಬಟ್ಟಲನ್ನು ಜಗಲಿಯ ಮೇಲಿಟ್ಟು ನೇರವಾಗಿ ಬಾಳ್ಳುಪೇಟೆಯ ಪ್ರೆಸ್ಸಿಗೆ ಹೋದೆ. ಗುಲಾಬಿ ಬಣ್ಣದ ಕಾಗದದಲ್ಲಿ 'ಒಂದು ಊಟ' ಎಂದು ಅಚ್ಚು ಹಾಕಿಸಿದೆ. ಕೆಳಗೆ 'ಮಧ್ಯಾಹ್ನ ಹನ್ನೆರಡೂವರೆಗೆ ಸರಿಯಾಗಿ'. ರಬ್ಬರ್ ಸ್ಟಾಂಪೂ ಒತ್ತಿಸಿದೆ.

ಮೊದಲ ಮನೆ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ರುದ್ರಪ್ಪನದು.

"ಇದೇನ್ ಮಾರಾಯ, ಸರ್ಕಸ್ ಬಂದೈತಾ?"

"ಊಟದ ಟೋಕನ್ ಕಣೋ. ಮನೇಲಿ ಎಷ್ಟು ಜನ?"

"ಐದು. ನಾಡಿದ್ದು ಅಳಿಯ ಬತ್ತಾನೆ."

"ಐದು ತಗೊ. ಅಳಿಯ ಬಂದ ಮೇಲೆ ಖುದ್ದಾಗಿ ಬಂದು ತಗೊಂಡು ಹೋಗ್ಲಿ."

ರುದ್ರಪ್ಪನ ಮುಖ ಒಂಥರಾ ಆಯಿತು. ನನ್ನ ವ್ಯವಸ್ಥೆ ಕಂಡು ಬೆರಗಾಗಿದ್ದಾನೆ ಎಂದುಕೊಂಡೆ. "ಕೂತ್ಕಳಪ್ಪ, ಕಾಫಿ ಕುಡಿ" ಎಂದ. ಸಮಯವಿಲ್ಲ ಎಂದು ಮುಂದಕ್ಕೆ ಹೊರಟೆ. ಹೀಗೆ ಎಲ್ಲೂ ಕೂರದೆ, ಎಲ್ಲೂ ಕುಡಿಯದೆ, ತಲೆ ಎಣಿಸಿ ಟೋಕನ್ ಕೊಡುತ್ತಾ ಒಂದೂವರೆ ಗಂಟೆಯಲ್ಲಿ ಊರು ಮುಗಿಸಿದೆ. ಕಡೆಗೆ ಉಳಿದದ್ದು ಅಕ್ಕನ ಮನೆ. ಒಬ್ಬಳೇ ಇರುವವಳು. ಅಂಗಳದಲ್ಲಿ ಮೆಣಸು ಹರವುತ್ತಿದ್ದಳು. ಓದು ಬಾರದ ಅಕ್ಕ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಏನ್ಲಾ ಇದು?"

"ನಿನ್ನ ಊಟ ಅಕ್ಕ. ಜೋಪಾನ. ಕಳೆದುಕೊಂಡ್ರೆ ಇನ್ನೊಂದು ಕೊಡಲ್ಲ."

ಅಕ್ಕ ಏನೂ ಹೇಳಲಿಲ್ಲ. ನಮ್ಮ ಅಕ್ಕ ಏನೂ ಹೇಳದೆ ಇದ್ದದ್ದನ್ನು ನಾನು ಹುಟ್ಟಿದ ಮೇಲೆ ಕಂಡದ್ದು ಅದೇ ಮೊದಲು. ಸಂತೋಷದಿಂದ ಬಾಯಿ ಕಟ್ಟಿದೆ ಎಂದು ತೀರ್ಮಾನಿಸಿದೆ.

ಶಾಸ್ತ್ರದ ದಿನ ಬಂತು. ಮನೆ ಮುಂದೆ ಚಪ್ಪರ. ಬೆಳಗಿನ ಜಾವದಿಂದ ನಾನೇ ನಿಂತು ಅನ್ನ, ಸಾರು, ಪಾಯಸ ಇಳಿಸಿದೆ. ಇನ್ನೂರ ಹತ್ತು ಟೋಕನ್‌ಗೆ ಇನ್ನೂರ ಹತ್ತು ಊಟ, ಬೀಗರ ಕಡೆಯವರಿಗೆ ಹನ್ನೆರಡು. ಬೀಗರಿಗೆ ಟೋಕನ್‌ನಿಂದ ವಿನಾಯಿತಿ ಕೊಟ್ಟಿದ್ದೆ! ಚಪ್ಪರದ ಬಾಗಿಲಲ್ಲಿ ಮೇಜು ಹಾಕಿ, ಮೇಲೆ ಟೋಕನ್ ಡಬ್ಬಿ ಇಟ್ಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತೆ.

ಹನ್ನೆರಡೂವರೆಗೆ ಆನೇಮಹಲ್ಲಿನಿಂದ ಬೀಗರು ಜೀಪಿನಲ್ಲಿ ಬಂದಿಳಿದರು. ಊರಿನವರು ಒಬ್ಬರೂ ಇಲ್ಲ. ಮುಕ್ಕಾಲಾಯಿತು. ಒಂದಾಯಿತು. ಒಂದು ನಾಯಿ ಬಂತು. ಅದರ ಹತ್ತಿರ ಟೋಕನ್ ಇರಲಿಲ್ಲ.

ಬೀಗಿತಿ ಖಾಲಿ ಚಪ್ಪರ ನೋಡಿ ಮೆಲ್ಲಗೆ ಕೇಳಿದರು: "ಊರಲ್ಲಿ ಏನಾದ್ರೂ ಸೂತಕ ಐತಾ?"

ಆ ಹೊತ್ತಿಗೆ ರುದ್ರಪ್ಪ ಕರವಸ್ತ್ರದ ಗಂಟೊಂದನ್ನು ಹಿಡಿದು ಬಂದ. ಮೇಜಿನ ಮೇಲಿಟ್ಟ.

"ತಗಳಪ್ಪ ನಿನ್ ಟೋಕನ್. ಇನ್ನೂರ ಒಂಬತ್ತು ಐತೆ. ಇನ್ನೊಂದು ಪುಟ್ಟಕ್ಕನ ಹತ್ರ. ಆಯಮ್ಮ ಕೊಡ್ಲಿಲ್ಲ."

"ಯಾಕೋ? ಯಾಕೆ ಯಾರೂ ಬರ್ತಿಲ್ಲ?"

"ಯಾರು ಕರೆದ್ರು?"

"ನಾನೇ ಬಂದಿದ್ನಲ್ಲ!"

"ಬಂದಿದ್ದೆ. ತಲೆ ಎಣಿಸ್ಕಂಡು ಹೋಗ್ಬುಟ್ಟೆ. ದನದ ಲೆಕ್ಕ ಬರಕೊಳ್ಳಕ್ಕೆ ಬರೋರು ಹಂಗೆ ಕಣೋ ಬರೋದು. ಅವ್ರೂ ಒಂದು ಲೋಟ ಕಾಫಿ ಕುಡೀತಾರೆ."

ಮಾತು ಕೇಳಿ ಜಯಮ್ಮ ಹೊರಗೆ ಬಂದಳು. ಡಬ್ಬಿ ನೋಡಿದಳು. ಗಂಟು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಅಕ್ಕಂಗೂ ಕೊಟ್ರಾ?"

"ಒಂದೇ ಒಂದು" ಎಂದೆ.

ಒಳಗೆ ಸವಿತಾಳಿಗೆ ಇದೆಲ್ಲ ಕೇಳಿಸಿತ್ತು. ಮಗುವನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದಳು. ನಮ್ಮ ಮನೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ಮೊದಲು ಅಕ್ಕನ ಕೈಯಿಂದಲೇ ತೊಟ್ಟಿಲಿಗೆ ಇಳಿದವರು. ಸವಿತಾಳೂ ಹಾಗೆಯೇ.

"ಅಪ್ಪ, ನನ್ ಮದ್ವೆಗೆ ನೀನಿರ್ಲಿಲ್ಲ. ಊರೆಲ್ಲ ಕರೆದಿದ್ದು ಪುಟ್ಟತ್ತೆ. ಅವ್ರು ಬರ್ದೆ ಇದ್ರೆ ನಾನು ಮಗೂನ ತೊಟ್ಟಿಲಿಗೆ ಹಾಕಲ್ಲ. ಅಷ್ಟೇ."

ಬೀಗರು ಚಪ್ಪರದ ಗೂಟಗಳನ್ನು ಎಣಿಸತೊಡಗಿದರು. ಜಯಮ್ಮ ಕುಂಕುಮದ ಬಟ್ಟಲು ತಂದು ಮತ್ತೆ ನನ್ನ ಕೈಗಿಟ್ಟಳು. "ಹೋಗಿ. ಕೂತ್ಕಳಿ. ಕಾಫಿ ಕೊಟ್ರೆ ಕುಡೀರಿ. ಲೆಕ್ಕ ಕೇಳ್ಬೇಡಿ. 'ಇವತ್ತು ಒಲೆ ಹಚ್ಬೇಡಿ' ಅನ್ನಿ, ಸಾಕು."

ಆಗ ನೆನಪಾಯಿತು! ನಮ್ಮ ಕಡೆ ಊಟಕ್ಕೆ ಕರೆಯುವುದು ಹಾಗೆಯೇ. ಒಲೆ ಹಚ್ಚಬೇಡಿ ಎಂದರೆ ಮನೆಮಂದಿಯೆಲ್ಲ, ನೆಂಟರು ಬಂದಿದ್ದರೆ ನೆಂಟರೂ ಬರಬೇಕು ಎಂದು ಅರ್ಥ. ಇಷ್ಟು ಸಣ್ಣ ಮಾತನ್ನು ನಾನು ಸಮುದ್ರದ ಆಚೆ ಬಿಟ್ಟು ಬಂದಿದ್ದೆ.

ಅಕ್ಕನ ಮನೆಗೆ ಓಡಿದೆ. ಅಕ್ಕ ಅಡುಗೆಮನೆಯಲ್ಲಿ ಒಲೆ ಮುಂದೆ ಕೂತು ಪುಟ್ಟ ಪಾತ್ರೆಯಲ್ಲಿ ಅನ್ನಕ್ಕಿಟ್ಟಿದ್ದಳು. ನನ್ನತ್ತ ತಿರುಗಲಿಲ್ಲ.

"ಯಾಕ್ ಬಂದೆ? ಟೋಕನ್ ಐತೆ ನನ್ ಹತ್ರ. ಕಳ್ದಿಲ್ಲ. ಉಣ್ಣಕ್ಕೆ ಗತಿ ಇಲ್ದೆ ಇದ್ದಾಗ ತತ್ತೀನಿ."

'ಒಲೆ ಹಚ್ಚಬೇಡ ಅಕ್ಕ' ಎನ್ನೋಣವೆಂದರೆ ಒಲೆ ಆಗಲೇ ಧಗಧಗ ಉರಿಯುತ್ತಿದೆ. ಏನು ಮಾಡುವುದು? ಪಕ್ಕದಲ್ಲಿದ್ದ ಕೊಡ ಎತ್ತಿ ಒಲೆಗೆ ಸುರಿದುಬಿಟ್ಟೆ!

ಭುಸ್ ಎಂದಿತು. ಅಡುಗೆಮನೆ ತುಂಬ ಹೊಗೆ. ಬೂದಿ ಎದ್ದು ಅಕ್ಕನ ತಲೆ, ನನ್ನ ಇಸ್ತ್ರಿ ಅಂಗಿ, ಕುಂಕುಮದ ಬಟ್ಟಲು ಯಾವುದನ್ನೂ ಬಿಡಲಿಲ್ಲ. ಬೆಕ್ಕು ಹೆಂಚಿನ ಸಂದಿಯಿಂದ ಆಚೆ ಹೋಯಿತು. ಹೊಗೆ ತಿಳಿಯಾದಾಗ ಬೂದಿ ಮೆತ್ತಿದ ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಒಲೆ ಹಚ್ಬೇಡ ಅಂತ ಹೇಳಕ್ ಬಂದೆ ಅಕ್ಕ" ಎಂದೆ.

"ಹೇಳೋದು ಕಣೋ ಮುಂಡೇದೇ! ಬರೀ ಬಾಯಲ್ಲಿ ಹೇಳೋದು! ಆರ್ಸಿ ತೋರ್ಸೋದಲ್ಲ!" ಎಂದವಳಿಗೆ ಎಲ್ಲಿತ್ತೋ ನಗು, ಬಂದುಬಿಟ್ಟಿತು. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ, ಕೆಮ್ಮುತ್ತಾ, ನಗುತ್ತಾ ಎದ್ದಳು. "ಇನ್ನೂ ಮೂವತ್ತೊಂಬತ್ತು ಮನೆ ಐತೆ. ನೀನೊಬ್ನೇ ಹೋದ್ರೆ ಊರಿನ ಒಲೆನೆಲ್ಲ ಕೆಡಿಸ್ಬುಡ್ತೀಯ. ನಡಿ."

ಮಂಡಿನೋವಿನ ಅಕ್ಕ ಮುಂದೆ, ಬೂದಿ ಬಳಿದುಕೊಂಡ ನಾನು ಹಿಂದೆ. ಪ್ರತಿ ಮನೆಯಲ್ಲೂ ಅಕ್ಕ ನನ್ನ ಒಲೆ ಪ್ರಸಂಗವನ್ನು ವಿವರವಾಗಿ ಹೇಳಿದಳು. ಪ್ರತಿ ಮನೆಯಲ್ಲೂ ನಕ್ಕರು, ಬೈದರು, ಕಾಫಿ ಕೊಟ್ಟರು. ಹದಿನೇಳನೇ ಲೋಟದ ನಂತರ ನಾನು ನಡೆದರೆ ಹೊಟ್ಟೆಯಲ್ಲಿ ಸದ್ದು ಕೇಳಿಸುತ್ತಿತ್ತು. ಇನ್ನು ಬೇಡ ಎನ್ನುವ ಧೈರ್ಯ ಮಾತ್ರ ಬರಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಊರಿಗೆ ಊರೇ ಬಂತು. ಅಕ್ಕ ಕೈಕಾಲು ತೊಳೆದು, ಮಗುವನ್ನು ಎತ್ತಿಕೊಂಡು, ಮೂರು ಸಲ ತೊಟ್ಟಿಲ ಅಡಿಯಿಂದ ದಾಟಿಸಿ ಮೆಲ್ಲಗೆ ಮಲಗಿಸಿದಳು. ಕಿವಿಯಲ್ಲಿ "ಗೌರಿ" ಎಂದಳು. ಸವಿತಾ ಅತ್ತಳು. ನನ್ನ ಕಣ್ಣಿನಲ್ಲೂ ನೀರಿತ್ತು. ಬೂದಿ ಬಿದ್ದಿರಬೇಕು.

ಇನ್ನು ಊಟದ ವಿಚಾರ. ರುದ್ರಪ್ಪನ ಅಳಿಯ ತನ್ನ ಇಬ್ಬರು ತಮ್ಮಂದಿರ ಜತೆ ಬಂದ. ಯಾರದೋ ಮನೆಗೆ ಬಿಸಿಲೆ ಊರಿನಿಂದ ಬಂದಿದ್ದ ನೆಂಟರು ಬಂದರು. ಎಸ್ಟೇಟ್ ಲೈನುಮನೆಗಳ ಕೂಲಿಯವರು ಮಕ್ಕಳುಮರಿ ಸಮೇತ ಬಂದರು. ಹದಿನಾಲ್ಕು ವರ್ಷ ಅನ್ನ ಕಡಿಮೆ ಬೀಳಿಸದ ಅಡುಗೆಯವನ ಹಂಡೆ ಐದೂವರೆಗೆ ಖಾಲಿ! ತಳ ಹತ್ತಿದ ಸೀಕಲೂ ಉಳಿಯಲಿಲ್ಲ. ಪಾಯಸ ಕಡೆಯ ಪಂಕ್ತಿಗೆ ಬರೀ ಸುದ್ದಿಯಾಗಿ ತಲುಪಿತು.

ದೀಪ ಹಚ್ಚುವ ಹೊತ್ತಿಗೆ ಮನೆಯವರು ಉಳಿದೆವು. ನಾನು, ಜಯಮ್ಮ, ಅಕ್ಕ, ಮಗಳು, ಅಳಿಯ, ಬೀಗರು. ಯಾರೂ ಉಂಡಿರಲಿಲ್ಲ. ಬೇಗಬೇಗನೆ ಉಪ್ಪಿಟ್ಟು ತಯಾರಾಯಿತು. ನಡುಮನೆಯಲ್ಲಿ ಎಲೆ ಹಾಕಿಕೊಂಡು ಸಾಲಾಗಿ ಕೂತೆವು. ತೊಟ್ಟಿಲಿನಲ್ಲಿ ಗೌರಿ ನಿದ್ದೆ ಮಾಡುತ್ತಿದ್ದಳು.

ಅಳಿಯ ಎರಡನೇ ಸಲ ಹಾಕಿಸಿಕೊಂಡು, "ಮಾವ, ಮುನ್ನೂರು ಜನಕ್ಕೆ ಮಾಡಿದ ಕೈ ಅಂದ್ರೆ ಹಿಂಗಿರ್ಬೇಕು. ಎಂಥ ಉಪ್ಪಿಟ್ಟು!" ಎಂದ.

ನಾನು ವಿನಯದಿಂದ ತಲೆ ತಗ್ಗಿಸಿದೆ.

"ಉಪ್ಪಿಟ್ಟು ಮಾಡಿದ್ದು ನಾನು ಕಣಪ್ಪ" ಎಂದಳು ಜಯಮ್ಮ. "ನಿಮ್ ಮಾವ ನೀರು ಕಾಸಿ ಕೊಟ್ರು."

ಎಲ್ಲರೂ ಇನ್ನಷ್ಟು ಹಾಕಿಸಿಕೊಂಡರು. ನೀರು ಚೆನ್ನಾಗಿ ಕಾದಿತ್ತು ಎಂದು ಮಾತ್ರ ಯಾರೂ ಹೇಳಲಿಲ್ಲ.